ಮೊಣಕಾಲು ಮತ್ತೆ ಮಡಚುವ ಜಾಗ

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಔಷಧದಂಗಡಿ ದಾಟಿ ಎಡಕ್ಕೆ ಹೊರಳಿದರೆ ಮೆಟ್ಟಿಲಿನ ಬದಲು ಒಂದು ಇಳಿಜಾರು ಸಿಗುತ್ತದೆ. ಎರಡೂ ಬದಿಗೆ ಸ್ಟೀಲಿನ ಹಿಡಿಕೆ. ಎಡಬದಿಯದು ಮಂಕಾಗಿದೆ, ಬಲಬದಿಯದು ಕೈ ಸವರಿ ಸವರಿ ಹೊಳೆಯುತ್ತಿದೆ. ಇಳಿಯುವವರು ಬಲಗೈಯನ್ನೇ ನೆಚ್ಚುತ್ತಾರೆ. ಇಳಿಜಾರಿನ ಕೊನೆಗೆ ಫಿಜಿಯೋಥೆರಪಿ ವಿಭಾಗ. ಶಸ್ತ್ರಚಿಕಿತ್ಸೆಯ ಕೋಣೆ ಇರುವುದು ಮೇಲಿನ ಮಹಡಿಯಲ್ಲಿ. ಸವೆದ ಮೊಣಕಾಲನ್ನು ಬದಲಿಸಲು ಅಲ್ಲಿ ಒಂದೂವರೆ-ಎರಡು ತಾಸು ಸಾಕು. ಬದಲಾದ ಮೊಣಕಾಲು ಆ ಮನುಷ್ಯನ ಸ್ವಂತದ್ದಾಗುವ ಕೆಲಸ ನಡೆಯುವುದು ಕೆಳಗಿನ ಈ ಹಾಲ್‌ನಲ್ಲಿ, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಸರ್ಜನ್ ಯಾರು, ಕೀಲು ಯಾವ ಕಂಪನಿಯದು, ಖರ್ಚೆಷ್ಟು ಎಂದು ಮೇಲಿನ ಕೋಣೆಯ ಬಗ್ಗೆ ನೂರು ಪ್ರಶ್ನೆ ಕೇಳುತ್ತೇವೆ. ಕೆಳಗಿನ ಹಾಲ್ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಅಲ್ಲಿ ಏನು ನಡೆಯುತ್ತದೆ ಎಂದು ಬರೆಯಬೇಕು ಅನ್ನಿಸಿದ್ದು ಇದೇ ಕಾರಣಕ್ಕೆ. ವಿಭಾಗದವರ ಒಪ್ಪಿಗೆ ಪಡೆದು, ರೋಗಿಗಳ ಹೆಸರು ಬರೆಯುವುದಿಲ್ಲವೆಂದು ಮಾತು ಕೊಟ್ಟು ಒಳಗೆ ಹೋದೆ.

ಬಾಗಿಲು ತೆರೆಯುವುದು ಒಂಬತ್ತಕ್ಕಾದರೂ ಎಂಟೂವರೆಗೇ ಬೆಂಚುಗಳು ತುಂಬಿರುತ್ತವೆ. ಅಣ್ಣಿಗೇರಿ, ನವಲಗುಂದ, ಕುಂದಗೋಳ, ಸವಣೂರು ಕಡೆಯವರು. ವಾಕರ್‌ಗಳು ಗೋಡೆಗೆ ಒರಗಿ ಸಾಲಾಗಿ ನಿಂತಿವೆ. ಬೇರೆಯವರದರ ಜೊತೆ ಅದಲುಬದಲಾಗದಂತೆ ಒಬ್ಬರು ತಮ್ಮದಕ್ಕೆ ಹಸಿರು ರಿಬ್ಬನ್ ಕಟ್ಟಿದ್ದಾರೆ. ಎತ್ತರದ ಕುರ್ಚಿಗಳಿಗೆ ಇಲ್ಲಿ ಬೇಡಿಕೆ ಹೆಚ್ಚು, ತಗ್ಗಿನ ಬೆಂಚು ಜೊತೆಗೆ ಬಂದ ಮಕ್ಕಳಿಗೆ, ಸೊಸೆಯಂದಿರಿಗೆ. ಹೊಸಬರು ಬಂದು ಕೂತರೆ ಯಾವ ಊರು ಎಂದು ಕೇಳುವ ಮೊದಲು ಪಕ್ಕದವರು ಕೇಳುವ ಪ್ರಶ್ನೆ, "ಎಷ್ಟ ಬಗ್ಗತೈತ್ರಿ?"

ಉತ್ತರ ಡಿಗ್ರಿಯಲ್ಲಿ ಬರುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ "ಎಪ್ಪತ್ತೆರಡು" ಎಂದು ಖಚಿತವಾಗಿ ಹೇಳುತ್ತಾರೆ. ಪಕ್ಕದವರು ತೊಂಬತ್ತೈದು ಅಂದರೆ ಅಜ್ಜಿಯ ಮುಖ ಇಳಿಯುತ್ತದೆ. ಶಸ್ತ್ರಚಿಕಿತ್ಸೆ ಆಗಿ ಎಷ್ಟು ವಾರವಾಯಿತು, ಮೊದಲು ಕಾಲು ಎಷ್ಟು ಸೆಟೆದಿತ್ತು, ಸಕ್ಕರೆ ಕಾಯಿಲೆ ಇದೆಯೇ, ಇವು ಯಾವುವೂ ಆ ಹೋಲಿಕೆಯಲ್ಲಿ ಬರುವುದಿಲ್ಲ. ಬೆಂಚಿನ ಮೇಲೆ ಕೂತಷ್ಟು ಹೊತ್ತೂ ನನಗೆ ಕಂಡಿದ್ದು ಈ ಹೋಲಿಕೆಯ ಸಂಕಟ. ನೋವಿನ ಸಂಕಟಕ್ಕಿಂತ ಅದೇನೂ ಕಡಿಮೆ ಇರಲಿಲ್ಲ. "ನಮ್ಮ ಓಣ್ಯಾಗಿನಾಕಿ ತಿಂಗಳದಾಗ ಜಾತ್ರಿಗೆ ಹೋಗಿ ಬಂದ್ಲರಿ. ನನಗ ಬಚ್ಚಲಕ್ಕ ಹೋಗಾಕ ಆಗವಲ್ದು," ಎಂದು ಅಣ್ಣಿಗೇರಿಯ ಹೆಣ್ಣುಮಗಳೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ಶಸ್ತ್ರಚಿಕಿತ್ಸೆಯಾಗಿ ಮೂರನೇ ವಾರ. ಮೂರನೇ ವಾರದಲ್ಲಿ ಅಳು ಬರುವುದು ಇಲ್ಲಿನವರಿಗೆ ಹೊಸದಲ್ಲ. ಆಸ್ಪತ್ರೆಯಲ್ಲಿದ್ದಾಗಿನ ಗಟ್ಟಿ ಔಷಧಿ ನಿಂತಿರುತ್ತದೆ, ನೋಡಲು ಬರುವ ನೆಂಟರು ಮುಗಿದಿರುತ್ತಾರೆ, ಬಾವು ಮಾತ್ರ ಇದ್ದಲ್ಲೇ ಇರುತ್ತದೆ. "ಯಾಕರ ಮಾಡಿಸಿಕೊಂಡ್ನೋ" ಅನ್ನುವ ಮಾತು ಹುಟ್ಟುವುದು ಆಗಲೇ.

ಬಾಗಿಲ ಬಳಿಯ ಮೇಜಿನ ಮೇಲೆ ಕೃತಕ ಮೊಣಕಾಲಿನ ಮಾದರಿಯೊಂದಿದೆ. ಕೈಗೆತ್ತಿಕೊಂಡರೆ ತೂಕ ತಿಳಿಯುತ್ತದೆ. ತೊಡೆ ಎಲುಬಿನ ತುದಿಗೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ನುಣುಪಾದ ಬಾಗು ತಗಡು, ಕೆಳಗಿನ ಎಲುಬಿನ ತಲೆಯ ಮೇಲೆ ಹೆಚ್ಚಾಗಿ ಟೈಟಾನಿಯಂ ತಟ್ಟೆ, ನಡುವೆ ಗಟ್ಟಿ ಪಾಲಿಎಥಿಲೀನ್ ಹಾಸು. ಎಲುಬಿಗೆ ಇವನ್ನು ಕೂರಿಸುವುದು ನಿಮಿಷಗಳಲ್ಲೇ ಗಟ್ಟಿಯಾಗುವ ಅಕ್ರಿಲಿಕ್ ಸಿಮೆಂಟು. ಅದಕ್ಕೇ ಶಸ್ತ್ರಚಿಕಿತ್ಸೆಯ ಮರುದಿನವೇ, ಈಗೀಗ ಅದೇ ದಿನ ಸಂಜೆಯೇ, ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಲೋಹ ಮೊದಲ ದಿನವೇ ಭಾರ ಹೊರಲು ಸಿದ್ಧ. ಅದರ ಸುತ್ತಲಿನ ಮಾಂಸ, ಚರ್ಮ, ನರ ಸಿದ್ಧವಿಲ್ಲ. ಮುಂದಿನ ತಿಂಗಳುಗಳ ನೋವಿಗೆಲ್ಲ ಕಾರಣ ಇದು.

ಇವತ್ತು ಜಗತ್ತಿನೆಲ್ಲೆಡೆ ಹಾಕುವ ಕೀಲುಗಳ ಮೂಲರೂಪ 1974ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದ ತಂಡದಲ್ಲಿ ಜಾನ್ ಇನ್ಸಾಲ್ ಜೊತೆಗೆ ನಮ್ಮ ದೇಶದಿಂದ ಹೋದ ಚಿತ್ತರಂಜನ್ ರಾಣಾವತ್ ಇದ್ದರು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎರಡು ಮೊಣಕಾಲುಗಳನ್ನು ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಿಸಿದವರೂ ಅವರೇ, ಒಂದನ್ನು 2000ದ ಅಕ್ಟೋಬರ್‌ನಲ್ಲಿ, ಇನ್ನೊಂದನ್ನು 2001ರ ಜೂನ್‌ನಲ್ಲಿ. ನಮ್ಮ ಊರುಗಳಲ್ಲಿ ಈ ಶಸ್ತ್ರಚಿಕಿತ್ಸೆ ಮನೆಮಾತಾದದ್ದು ಆಗಿನಿಂದ. ಬೆಂಚಿನ ಮೇಲಿದ್ದ ನವಲಗುಂದದ ನಿವೃತ್ತ ಕಂಡಕ್ಟರ್ ಇದನ್ನು ನೆನಪಿಸಿಕೊಂಡರು. "ವಾಜಪೇಯಿಯವರು ಮುಂದಿನ ತಿಂಗಳಾ ಆಗ್ರಾದಾಗ ಮುಷರಫ್ ಕೂಡ ಮಾತುಕತಿಗೆ ಕುಂತಿದ್ರರಿ. ಅದನ್ನ ನೋಡಿ ನಾನೂ ಹೌದಲ್ಲ ಅಂದ್ಕೊಂಡಿದ್ದೆ." 2001ರ ಜುಲೈನಲ್ಲಿ ಆಗ್ರಾ ಶೃಂಗಸಭೆ ನಡೆದದ್ದು ನಿಜ. ಆದರೆ ಟೀವಿಯಲ್ಲಿ ಕಂಡದ್ದು ಸಭೆ. ರಾತ್ರಿಯ ಐಸ್ ಚೀಲ, ಹಗಲಿನ ವ್ಯಾಯಾಮ, ಜೊತೆಗಿದ್ದ ವೈದ್ಯರು ಟೀವಿಗೆ ಬರಲಿಲ್ಲ. ಚೇತರಿಕೆಯ ಕಥೆಗಳೆಲ್ಲ ಹೀಗೆಯೇ, ನಡುವಿನ ಭಾಗ ಬಿಟ್ಟು ನಮ್ಮನ್ನು ತಲುಪುತ್ತವೆ.

ಕೀಲಿನ ಬೆಲೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮೊದಲು ಸರಾಸರಿ ಒಂದೂವರೆ ಲಕ್ಷ ದಾಟುತ್ತಿತ್ತು. ಒಳ್ಳೆಯ ಕೆಲಸವಾಯಿತು. ಕೀಲಿನ ಬೆಲೆ ಇಳಿದು ಹೆಚ್ಚು ಜನ ಮೇಲಿನ ಮಹಡಿ ತಲುಪಿದರು. ಕೆಳಗಿನ ಹಾಲ್‌ಗೆ ತಿಂಗಳುಗಟ್ಟಲೆ ಓಡಾಡುವ ಆಟೋ ಬಾಡಿಗೆ, ಜೊತೆಗೆ ಬರುವವರ ಕೂಲಿ ನಷ್ಟ, ಮನೆಯ ಶೌಚಾಲಯಕ್ಕೆ ಕೂರಿಸಬೇಕಾದ ಕಮೋಡು ಯಾವ ಪಟ್ಟಿಯಲ್ಲೂ ಸೇರುವುದಿಲ್ಲ.

ಒಳಗೆ ಎಡಗಡೆ ರೆಕ್ಸಿನ್ ಹೊದಿಸಿದ ಆರು ಹಲಗೆ ಮಂಚಗಳಿವೆ. ಮೊದಲನೆಯದರಲ್ಲಿ ಕುಂದಗೋಳದ ರೈತ ಮಹಿಳೆ ಅಂಗಾತ ಮಲಗಿದ್ದಾರೆ. ಮೊಣಕಾಲ ಕೆಳಗೆ ಸುರುಳಿ ಸುತ್ತಿದ ಟವೆಲ್. ಅದನ್ನು ಮೊಣಕಾಲಿನಿಂದ ಕೆಳಕ್ಕೆ ಒತ್ತಿ, ತೊಡೆ ಬಿಗಿ ಹಿಡಿದು ಐದು ಎಣಿಸಬೇಕು. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಮಲಗಿದವರ ಹಣೆಯಲ್ಲಿ ಬೆವರು ಕೂತಿದೆ. "ಒತ್ತಾಕ ಹತ್ತೇನ್ರಿ, ಆದ್ರ ಅದು ಮಾತ ಕೇಳವಲ್ದು," ಅನ್ನುತ್ತಾರೆ. ತೊಡೆಯ ಸ್ನಾಯು ನಿಜವಾಗಿಯೂ ಅವರ ಮಾತು ಕೇಳುತ್ತಿಲ್ಲ. ಕೀಲಿನಲ್ಲಿ ಬಾವು, ನೋವು ಇದ್ದಾಗ ಅಲ್ಲಿಂದ ಹೋಗುವ ಸಂದೇಶಗಳು ತೊಡೆಯ ಮುಂಭಾಗದ ದೊಡ್ಡ ಸ್ನಾಯುವನ್ನು ತಡೆಹಿಡಿಯುತ್ತವೆ. ಗಾಯವಾದ ಕೀಲನ್ನು ಕಾಪಾಡಲು ಶರೀರವೇ ಮಾಡುವ ಏರ್ಪಾಡು ಇದು. ಶಸ್ತ್ರಚಿಕಿತ್ಸೆಯಾಗಿ ಮೊದಲ ತಿಂಗಳಲ್ಲಿ ಆ ಸ್ನಾಯುವಿನ ಬಲ ಅರ್ಧಕ್ಕಿಂತ ಕೆಳಗೆ ಇಳಿದಿರುವುದು ಸಾಮಾನ್ಯ. ಮೆಟ್ಟಿಲ ಬಳಿ ಕಾಲು ಕುಸಿದಂತಾಗುವುದು, ಮಲಗಿದಲ್ಲಿ ಕಾಲು ನೇರ ಎತ್ತಲಾಗದಿರುವುದು ಇದರಿಂದ. ಮನೆಯವರು "ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ" ಎಂದು ಬೈಯುವಾಗ ಈ ವಿಷಯ ಗೊತ್ತಿರಬೇಕು. ಮನಸ್ಸು ಗಟ್ಟಿಯಾಗಿಯೇ ಇದೆ. ಸ್ನಾಯುವನ್ನು ಮತ್ತೆ ಎಬ್ಬಿಸಬೇಕು, ಅದಕ್ಕೆ ದಾರಿ ದಿನಕ್ಕೆ ಹಲವು ಸಲ ಈ ಟವೆಲ್ ಒತ್ತುವುದೇ.

ಎರಡನೇ ಮಂಚದ ಮೇಲೆ ನುಣ್ಣನೆಯ ಪ್ಲೈವುಡ್ ಹಲಗೆ, ಅದರ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದ್ದಾರೆ. ಹಿಮ್ಮಡಿ ಅದರ ಮೇಲೆ ಜಾರಿ ಪೃಷ್ಠದ ಕಡೆಗೆ ಬರಬೇಕು, ಮತ್ತೆ ನೇರ ಹೋಗಬೇಕು. ಮಲ್ಲಿಗೆ ವಾಸನೆಯ ಅಗ್ಗದ ಪೌಡರ್. ಹಾಲ್‌ಗೆಲ್ಲ ಅದೇ ವಾಸನೆ, ನಡುನಡುವೆ ನೋವಿನ ಮುಲಾಮಿನದು. ಅಳತೆ ನಡೆಯುವುದೂ ಇಲ್ಲೇ. ಎರಡು ಪ್ಲಾಸ್ಟಿಕ್ ಪಟ್ಟಿಗಳ ಗೋನಿಯೋಮೀಟರ್ ಅನ್ನು ಮೊಣಕಾಲ ಬದಿಗೆ ಹಿಡಿದು ಫಿಜಿಯೋಥೆರಪಿಸ್ಟ್ ಕಣ್ಣು ಕಿರಿದು ಮಾಡಿ ಓದುತ್ತಾರೆ. ಆ ಕ್ಷಣ ಮಲಗಿದವರು, ಜೊತೆಗೆ ಬಂದವರು, ಪಕ್ಕದ ಮಂಚದವರು ಎಲ್ಲರೂ ಸುಮ್ಮನಾಗುತ್ತಾರೆ. "ಎಂಬತ್ನಾಲ್ಕು." ನಿನ್ನೆ ಎಂಬತ್ತೊಂದಿತ್ತು. ಮೂರು ಡಿಗ್ರಿಗೆ ಇಡೀ ಮನೆ ನಗುತ್ತದೆ.

ಈ ಅಂಕಿಗಳಿಗೆ ಬದುಕಿನಲ್ಲಿ ಅರ್ಥವಿದೆ. ಸಮತಟ್ಟು ನೆಲದಲ್ಲಿ ನಡೆಯಲು ಮೊಣಕಾಲು ಅರವತ್ತು-ಎಪ್ಪತ್ತು ಡಿಗ್ರಿ ಬಾಗಿದರೆ ಸಾಕು. ಮೆಟ್ಟಿಲಿಗೆ ಎಂಬತ್ತು-ತೊಂಬತ್ತು ಬೇಕು. ಸಾಮಾನ್ಯ ಕುರ್ಚಿಯಿಂದ ಕೈ ಊರದೆ ಏಳಲು ತೊಂಬತ್ತು ದಾಟಬೇಕು. ಕುಕ್ಕರಗಾಲಿಗೆ ನೂರಿಪ್ಪತ್ತೂ ಸಾಲದು. ಮೊದಲ ಎರಡು ವಾರದಲ್ಲಿ ತೊಂಬತ್ತರ ಹತ್ತಿರ, ಮೂರು ತಿಂಗಳ ಹೊತ್ತಿಗೆ ನೂರಹತ್ತರ ಆಚೀಚೆ ಎಂಬುದು ಇಲ್ಲಿಯ ಗುರಿ. ಎಲ್ಲರ ಕಾಲೂ ಆ ಗಡುವಿಗೆ ನಡೆಯುವುದಿಲ್ಲ. ಮೊದಲೇ ಸೆಟೆದಿದ್ದ ಕಾಲು ಆಮೇಲೂ ತಡವಾಗಿ ಬಗ್ಗುತ್ತದೆ. ತಿಂಗಳೆರಡು ಕಳೆದರೂ ತೊಂಬತ್ತು ಮುಟ್ಟದವರಿಗೆ ಅರಿವಳಿಕೆ ಕೊಟ್ಟು ಕಾಲನ್ನು ಮಡಚಿ ಅಂಟು ಬಿಡಿಸುವ ಉಪಾಯವೂ ಸರ್ಜನ್‌ಗಳ ಬಳಿ ಇದೆ. ಅದಕ್ಕೂ ಸಮಯದ ಮಿತಿ ಇರುವುದರಿಂದ ಹೆದರಿ ಮನೆಯಲ್ಲೇ ಕೂರಬಾರದು.

ಬಗ್ಗುವುದರ ಮೇಲೆ ಎಲ್ಲರ ಕಣ್ಣು. ನೇರವಾಗುವುದರ ಮೇಲೆ ಯಾರ ಕಣ್ಣೂ ಇಲ್ಲ. ಇಲ್ಲಿನ ಹಿರಿಯ ಫಿಜಿಯೋಥೆರಪಿಸ್ಟ್ ಅತಿ ಹೆಚ್ಚು ಸಲ ಹೇಳುವ ಮಾತು ಇದನ್ನು ಕುರಿತದ್ದೇ. ಮೂರನೇ ಮಂಚದ ಸವಣೂರಿನ ಅಜ್ಜನ ಮಗ ಪ್ರೀತಿಯಿಂದ ತಂದೆಯ ಮೊಣಕಾಲ ಕೆಳಗೆ ಮೆತ್ತನೆ ದಿಂಬು ಇಟ್ಟು ರಾತ್ರಿಯೆಲ್ಲ ಮಲಗಿಸುತ್ತಿದ್ದರಂತೆ. ಬಾಗಿದ ಮೊಣಕಾಲಿಗೆ ಅದು ಹಿತ. ಆದರೆ ಹಾಗೇ ಬಿಟ್ಟರೆ ಹಿಂದಿನ ಸ್ನಾಯು, ಪೊರೆಗಳು ಕುಗ್ಗಿ ಕಾಲು ಪೂರ್ತಿ ನೇರವಾಗುವುದೇ ಇಲ್ಲ. ನೇರವಾಗದ ಕಾಲಿನಲ್ಲಿ ಪ್ರತಿ ಹೆಜ್ಜೆಗೂ ತೊಡೆ ದಣಿಯುತ್ತದೆ, ಸೊಂಟ ನೋಯುತ್ತದೆ, ನಡಿಗೆ ಕುಂಟುತ್ತದೆ. ದಿಂಬು ಬೇಕಿದ್ದರೆ ಹಿಮ್ಮಡಿಯ ಕೆಳಗೆ ಇರಲಿ, ಮೊಣಕಾಲು ತೂಗಿ ಕೆಳಗಿಳಿಯಲಿ. ಮಗ ಸುಮ್ಮನೆ ನಿಂತು ಕೇಳಿಸಿಕೊಂಡರು. ಇದನ್ನು ಅವರಿಗೆ ಬಿಡುಗಡೆಯ ದಿನವೇ ಹೇಳಬೇಕಿತ್ತು. ಅಜ್ಜನ ಶಸ್ತ್ರಚಿಕಿತ್ಸೆ ಆದದ್ದು ಬೇರೊಂದು ಊರಿನಲ್ಲಿ. ಅಲ್ಲಿ ಕೊಟ್ಟ ವ್ಯಾಯಾಮದ ಹಾಳೆಯನ್ನು ಮಗ ಜೇಬಿನಿಂದ ತೆಗೆದು ತೋರಿಸಿದರು. ಎರಡೂ ಬದಿ ಇಂಗ್ಲಿಷ್. ಮನೆಯಲ್ಲಿ ಓದುವವರಿಲ್ಲದ ಹಾಳೆ ಕೊಟ್ಟು ರೋಗಿಯನ್ನು ಕಳಿಸುವುದು ಅರ್ಧ ಚಿಕಿತ್ಸೆಯನ್ನು ಬಾಗಿಲಲ್ಲೇ ಬಿಟ್ಟಂತೆ. ಕನ್ನಡದಲ್ಲಿ, ಚಿತ್ರಗಳೊಂದಿಗೆ, ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಅಚ್ಚು ಮಾಡಲು ಎಷ್ಟು ಖರ್ಚಾದೀತು?

ಹಾಲ್‌ನ ನಡುವೆ ಎರಡು ಸಮಾನಾಂತರ ಕಂಬಿಗಳು, ಅವುಗಳ ತುದಿಗೆ ಆಳೆತ್ತರದ ಕನ್ನಡಿ. ವಾಕರ್ ಬಿಟ್ಟವರು ಮೊದಲು ನಡೆಯುವುದು ಇವುಗಳ ನಡುವೆ. ಕೆಳಗೆ ನೋಡುವಂತಿಲ್ಲ, ಕನ್ನಡಿಯಲ್ಲಿ ತಮ್ಮನ್ನೇ ನೋಡುತ್ತ ಬರಬೇಕು. ಹಿಮ್ಮಡಿ ಮೊದಲು ಊರಿ, ಮೊಣಕಾಲು ಮಡಚಿ, ಮುಂದೆ ಇಡಬೇಕು. ವರ್ಷಗಟ್ಟಲೆ ನೋವಿನಿಂದ ಕುಂಟಿದವರಿಗೆ ಕುಂಟುವುದು ಅಭ್ಯಾಸವಾಗಿರುತ್ತದೆ, ಹೊಸ ಕೀಲು ಬಂದ ಮೇಲೂ ಶರೀರ ಹಳೆಯ ಹೆಜ್ಜೆಯನ್ನೇ ಹಾಕುತ್ತದೆ. ಕಂಡಕ್ಟರ್ ಎರಡೂ ಮೊಣಕಾಲು ಒಟ್ಟಿಗೇ ಬದಲಿಸಿಕೊಂಡವರು. ಆತುಕೊಳ್ಳಲು ಅವರಿಗೆ ಒಳ್ಳೆಯ ಕಾಲು ಅನ್ನುವುದೇ ಇಲ್ಲ. ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ಏನೂ ಹಿಡಿಯದೆ ನಿಂತ ಮನುಷ್ಯ ಎರಡು ಕಂಬಿಗಳನ್ನು ಬಿಗಿಯಾಗಿ ಹಿಡಿದು ಕನ್ನಡಿಯತ್ತ ಬಂದರು. ತುದಿ ಮುಟ್ಟಿದಾಗ ಬೆಂಚಿನವರಲ್ಲಿ ಒಬ್ಬರು "ರೈಟ್ ರೈಟ್!" ಎಂದು ಕೂಗಿದರು. ಕಂಡಕ್ಟರ್ ಕಣ್ಣಲ್ಲಿ ನೀರಿತ್ತು.

ಪಕ್ಕದಲ್ಲೇ ನಾಲ್ಕು ಮೆಟ್ಟಿಲಿನ ಮರದ ಕಟ್ಟೆ, ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯಲು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಫಿಜಿಯೋಥೆರಪಿಸ್ಟ್ ಇದನ್ನು ಜೋರಾಗಿ ಹೇಳುತ್ತಾರೆ, ಹತ್ತುವವರು ತಾವೂ ಹೇಳಿಕೊಳ್ಳುತ್ತ ಹತ್ತುತ್ತಾರೆ. ಮೂಲೆಯಲ್ಲಿ ಕಾಲನ್ನು ತಾನಾಗಿ ಮಡಚಿ ಬಿಡಿಸುವ ಯಂತ್ರವೊಂದು ಬಟ್ಟೆ ಹೊದ್ದು ಕೂತಿದೆ. ಕೀಲನ್ನು ನಿರಂತರ ಅಲುಗಿಸುತ್ತಿರಬೇಕೆಂಬ ಕೆನಡಾದ ಸರ್ಜನ್ ರಾಬರ್ಟ್ ಸಾಲ್ಟರ್ ಅವರ ಚಿಂತನೆಯಿಂದ ಬಂದದ್ದು ಇದು. ಮೊಣಕಾಲು ಬದಲಿಸಿಕೊಂಡವರಿಗೆ ಇದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭವಿಲ್ಲವೆಂದು ಆಮೇಲಿನ ಅಧ್ಯಯನಗಳು ಕಂಡುಕೊಂಡವು. ಹಾಗಾಗಿ ಈಗ ಬಳಕೆ ಕಡಿಮೆ. ರೋಗಿಗಳು ಮಾತ್ರ ಇವತ್ತಿಗೂ ಅದನ್ನೇ ಕೇಳುತ್ತಾರೆ. ಯಂತ್ರವೇ ಮಡಚಿಕೊಡಲಿ ಎಂಬ ಆಸೆ ಯಾರಿಗಿಲ್ಲ?

ಕಿಟಕಿಯ ಬಳಿ ಐಸ್ ಕೊಡುವ ಜಾಗ. ವ್ಯಾಯಾಮ ಮುಗಿಸಿದವರು ಕಾಲು ಚಾಚಿ ಕೂತು, ಬಟ್ಟೆ ಸುತ್ತಿದ ಐಸ್ ಚೀಲ ಇಟ್ಟುಕೊಂಡು ಹದಿನೈದು-ಇಪ್ಪತ್ತು ನಿಮಿಷ ಕಳೆಯುತ್ತಾರೆ. ನಿಜವಾದ ಮಾತುಗಳು ಬರುವುದು ಇಲ್ಲಿ. ನಾನು ಹೆಚ್ಚು ಹೊತ್ತು ಕೂತದ್ದೂ ಇಲ್ಲೇ.

ಮಾತೆಲ್ಲ ರಾತ್ರಿಯ ಬಗ್ಗೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಹನ್ನೊಂದರ ಮೇಲೆ ಕಾಲು ಎಲ್ಲಿಟ್ಟರೂ ಸೇರುವುದಿಲ್ಲ. "ಮೊಣಕಾಲ ಸುತ್ತ ಕಬ್ಬಿಣದ ಪಟ್ಟಿ ಹಾಕಿ ಬಿಗದಂಗ ಆಕ್ಕೈತ್ರಿ," ಎಂದರು ಒಬ್ಬರು. ಉಳಿದವರೆಲ್ಲ ತಲೆಯಾಡಿಸಿದರು. ಹಗಲೆಲ್ಲ ನಡೆದು, ಕಾಲು ಇಳಿಬಿಟ್ಟು ಕೂತದ್ದರ ಬಾವು ರಾತ್ರಿ ಬಿಗಿಯುತ್ತದೆ. ಸಂಜೆ ನುಂಗಿದ ಗುಳಿಗೆಯ ಬಲ ಇಳಿದಿರುತ್ತದೆ. ಗಮನ ಬೇರೆಡೆ ಎಳೆಯಲು ಯಾರೂ ಎಚ್ಚರ ಇರುವುದಿಲ್ಲ. ಮೊದಲ ಆರು ವಾರ, ಕೆಲವರಿಗೆ ಮೂರು ತಿಂಗಳು, ನಿದ್ದೆ ಹೀಗೆ ಹರಿದು ಹೋಗುವುದು ಈ ಶಸ್ತ್ರಚಿಕಿತ್ಸೆಯ ಸಹಜ ಭಾಗ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಅರ್ಧ ಭಯ ಕಡಿಮೆಯಾಗುತ್ತಿತ್ತು ಎಂದು ಅವರೆಲ್ಲರ ಅಭಿಪ್ರಾಯ. ನನ್ನದೂ ಅದೇ. ನಮ್ಮ ದೊಡ್ಡಮ್ಮ ಇದೇ ಶಸ್ತ್ರಚಿಕಿತ್ಸೆಯ ನಂತರ ರಾತ್ರಿಯಿಡೀ ನಡುಮನೆಯಲ್ಲಿ ವಾಕರ್ ಹಿಡಿದು ಓಡಾಡುತ್ತಿದ್ದರು. ಏನೋ ತಪ್ಪಾಗಿದೆ, ಒಳಗೆ ಕೀವಾಗಿದೆ ಎಂದೇ ನಂಬಿದ್ದರು. ಹಾಗೇನೂ ಆಗಿರಲಿಲ್ಲ.

ಗುಳಿಗೆಯ ವಿಷಯದಲ್ಲಿ ಇಲ್ಲಿ ಎರಡು ಪಂಗಡ. ಒಂದು, ಕಿಡ್ನಿ ಹೋದೀತೆಂದು ಹೆದರಿ ಗುಳಿಗೆ ಬಿಟ್ಟು ಹಲ್ಲುಕಚ್ಚಿ ಕೂರುವವರು. ಇನ್ನೊಂದು, ಅಂಗಡಿಯಿಂದ ತಾವೇ ತಂದು ನುಂಗುವವರು. ಎರಡೂ ಅಪಾಯ. ನೋವು ನಿವಾರಕಗಳಲ್ಲಿ ಕೆಲವು ವಯಸ್ಸಾದವರ, ಸಕ್ಕರೆ-ಬಿಪಿ ಇರುವವರ ಮೂತ್ರಪಿಂಡಕ್ಕೆ ಹೊರೆಯಾಗುವುದು ನಿಜ. ಎಲ್ಲವೂ ಹಾಗಲ್ಲ. ಯಾವುದು, ಎಷ್ಟು, ಎಷ್ಟು ದಿನ ಎಂದು ವೈದ್ಯರನ್ನು ಕೇಳಿ ತೆಗೆದುಕೊಂಡ ಗುಳಿಗೆ ಸೋಲಿನ ಗುರುತಲ್ಲ. ನೋವು ತಡೆಯಲಾರದೆ ವ್ಯಾಯಾಮ ಬಿಟ್ಟರೆ ಕಾಲು ಸೆಟೆಯುತ್ತದೆ, ಸೆಟೆದ ಕಾಲು ಇನ್ನೂ ನೋಯುತ್ತದೆ. ವ್ಯಾಯಾಮಕ್ಕೆ ಅರ್ಧ-ಮುಕ್ಕಾಲು ತಾಸು ಮೊದಲು ಬೀಳುವಂತೆ ಗುಳಿಗೆಯ ಹೊತ್ತನ್ನು ಹೊಂದಿಸಿಕೊಳ್ಳಿ ಎನ್ನುತ್ತಾರೆ ಇಲ್ಲಿಯವರು. ಹೊತ್ತು ಬದಲಾದ ಮೇಲೆ ಅದೇ ಗುಳಿಗೆಯಿಂದ ಹೆಚ್ಚು ಕೆಲಸವಾಯಿತೆಂದು ಇಬ್ಬರು ಹೇಳಿದರು.

ಇನ್ನೊಂದು ಬಲೆ ಒಳ್ಳೆಯ ದಿನಗಳದು. ಒಂದು ಬೆಳಿಗ್ಗೆ ನೋವು ಕಡಿಮೆ ಅನ್ನಿಸಿದ್ದೇ ತಡ, ಮನೆಯೆಲ್ಲ ಗುಡಿಸಿ, ರೊಟ್ಟಿ ಬಡಿದು, ಮಾರುಕಟ್ಟೆಗೆ ಹೋಗಿ ಬಂದು, ಮರುದಿನದಿಂದ ಬಾತ ಕಾಲಿನೊಂದಿಗೆ ಹಾಸಿಗೆ ಹಿಡಿದವರ ಕಥೆ ಐಸ್ ಚೀಲದ ಸಾಲಿನಲ್ಲಿ ಪ್ರತಿಯೊಬ್ಬರ ಬಳಿಯೂ ಇದೆ. ದಿನವೂ ಅಷ್ಟಷ್ಟೇ, ಸ್ವಲ್ಪ ಸ್ವಲ್ಪ ಏರಿಸುತ್ತ ಹೋದವರು ತಿಂಗಳ ಕೊನೆಗೆ ಮುಂದಿರುತ್ತಾರೆ.

ಇಷ್ಟು ವಾರಗಳಾದರೂ ಮೊಣಕಾಲು ಯಾಕೆ ಬಿಸಿ? ಗಾಯದ ಹೊರಬದಿಯ ಚರ್ಮ ಯಾಕೆ ಮುಟ್ಟಿದರೂ ತಿಳಿಯುವುದಿಲ್ಲ? ನಡೆಯುವಾಗ ಟಕ್ ಟಕ್ ಸದ್ದು ಯಾಕೆ? ಮೂರೂ ಪ್ರಶ್ನೆ ನನ್ನೆದುರೇ ಬಂದವು. ಒಳಗಿನ ಗಾಯ ಮಾಗುತ್ತಿರುವುದರಿಂದ ಬಿಸಿ, ಬಾವು ಮೂರರಿಂದ ಆರು ತಿಂಗಳು ಇರಬಹುದು. ಮುಂಭಾಗದ ಉದ್ದ ಕೊಯ್ತದಲ್ಲಿ ಚರ್ಮಕ್ಕೆ ಹೋಗುವ ಸಣ್ಣ ನರದ ಕವಲು ಕತ್ತರಿಸಿಹೋಗುವುದರಿಂದ ಆ ಭಾಗ ಜೋಮು. ಕಾಲಕ್ರಮೇಣ ಅದರ ವಿಸ್ತಾರ ಕಡಿಮೆಯಾಗುತ್ತದೆ, ಕೆಲವರಿಗೆ ಒಂದಿಷ್ಟು ಉಳಿದೇ ಬಿಡುತ್ತದೆ. ಲೋಹ-ಪ್ಲಾಸ್ಟಿಕ್ ತಾಗುವ ಸದ್ದು ನೋವಿಲ್ಲದಿದ್ದರೆ ಚಿಂತೆಯದಲ್ಲ. ಚಿಂತೆಯವು ಬೇರೆ ಇವೆ, ಅವನ್ನು ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದ್ದಾರೆ. ಜ್ವರ, ಗಾಯದಿಂದ ಒಸರು, ದಿನದಿನಕ್ಕೆ ಹೆಚ್ಚುವ ಕೆಂಪು, ಮೀನಖಂಡದಲ್ಲಿ ಹೊಸದಾಗಿ ನೋವು-ಬಾವು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಇದ್ದಕ್ಕಿದ್ದಂತೆ ಎದೆನೋವು ಅಥವಾ ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬಾರದು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ಸಕ್ಕರೆ ಹತೋಟಿಯಲ್ಲಿಲ್ಲದವರು ಗಾಯದ ಬಗ್ಗೆ ಎರಡು ಪಟ್ಟು ಎಚ್ಚರ ಇರಬೇಕು.

ನನ್ನನ್ನು ಹೆಚ್ಚು ಕಲಕಿದ ಪ್ರಶ್ನೆ ಕುಂದಗೋಳದ ಆ ರೈತ ಮಹಿಳೆಯದು. ಐಸ್ ಚೀಲ ಸರಿಸಿಕೊಳ್ಳುತ್ತ, ಯಾರಿಗೂ ಕೇಳಿಸದಂತೆ ಫಿಜಿಯೋಥೆರಪಿಸ್ಟ್ ಹತ್ತಿರ ಬಾಗಿ ಕೇಳಿದರು. "ಲಿಂಗಪೂಜಿ ಕುರ್ಚಿ ಮ್ಯಾಲ ಕುಂತು ಮಾಡಿದ್ರ ನಡಿತೈತೇನ್ರಿ?" ಹುಟ್ಟಿದಾಗಿನಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು. ಉಣ್ಣುವುದು, ರೊಟ್ಟಿ ಬಡಿಯುವುದು, ಕಸ ತೆಗೆಯುವುದು, ಪೂಜೆ, ಎಲ್ಲವೂ ನೆಲದ ಮೇಲೆ. ಕೃತಕ ಕೀಲಿನವರು ನೆಲಕ್ಕೆ ಕೂರುವುದನ್ನು, ಕುಕ್ಕರಗಾಲನ್ನು ಬಿಡಬೇಕೆಂದು ಹೆಚ್ಚಿನ ಸರ್ಜನ್‌ಗಳು ಹೇಳುತ್ತಾರೆ. ನೋವಿನ ಮೊಣಕಾಲನ್ನು ಬಿಡಲು ಅವರು ಒಪ್ಪಿದ್ದರು. ನೆಲವನ್ನು ಬಿಡಬೇಕಾಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. "ದೇವರಿಗೆ ಕುರ್ಚಿ ನಡಿತೈತಿ ಅಮ್ಮ, ನಿಮ್ಮ ಮನಿಯವರಿಗೆ ನಡೀಬೇಕು ಅಷ್ಟ," ಎಂದರು ಫಿಜಿಯೋಥೆರಪಿಸ್ಟ್. ಆಕೆ ನಕ್ಕರು. ಶಿವರಾತ್ರಿಯೊಳಗೆ ಸಿದ್ಧಾರೂಢ ಮಠಕ್ಕೆ ನಡೆದು ಹೋಗುವಷ್ಟಾಗಬೇಕು ಎಂಬುದು ಅವರ ಆಸೆ. ಅದು ಆದೀತು ಎಂದು ಅವರಿಗೆ ಭರವಸೆ ಸಿಕ್ಕಿತು.

ಎಲ್ಲರಿಗೂ ಆ ಭರವಸೆ ಕೊಡಲಾಗುವುದಿಲ್ಲ. ಹಾಕಿದ ಕೀಲು ಬಾಳಿಕೆ ಬರುತ್ತದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ಣ ಮೊಣಕಾಲು ಬದಲಾವಣೆಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ನಿಲ್ಲುತ್ತವೆ. ಆದರೆ ಕೀಲು ನಿಲ್ಲುವುದು ಬೇರೆ, ನೋವು ಹೋಗುವುದು ಬೇರೆ. ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ ತಿಂಗಳುಗಳು ಕಳೆದರೂ ನೋವು ಉಳಿಯುತ್ತದೆ ಎಂಬುದು ಹಲವು ದೇಶಗಳ ಅನುಭವ. ಎಕ್ಸ್-ರೇಯಲ್ಲಿ ಎಲ್ಲ ಸರಿಯಿದೆ, ರಕ್ತ ಪರೀಕ್ಷೆ ಸರಿಯಿದೆ, ಕಾಲು ಮಾತ್ರ ನೋಯುತ್ತದೆ. ಐಸ್ ಸಾಲಿನ ಕೊನೆಯಲ್ಲಿ ಅಂಥ ಒಬ್ಬರು ಕೂತಿದ್ದರು, ನಿವೃತ್ತ ಶಿಕ್ಷಕಿ. ವರ್ಷ ಸಮೀಪಿಸುತ್ತಿದೆ. "ವ್ಯಾಯಾಮ ಮಾಡಿಲ್ಲ ಅಂತ ಎಲ್ಲರೂ ಅಂತಾರ. ಒಂದು ದಿನಾನೂ ತಪ್ಪಿಸಿಲ್ಲ," ಎಂದರು. ಅವರ ಮಾತನ್ನು ನಾನು ನಂಬುತ್ತೇನೆ. ಇಂಥವರಿಗೆ ಸೋಂಕು, ಕೀಲು ಸಡಿಲಾಗಿರುವುದು, ಸೊಂಟ-ಬೆನ್ನಿನಿಂದ ಇಳಿಯುವ ನೋವು ಇವನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ಯಾವುದೂ ಸಿಗದಿದ್ದರೆ ನೋವಿನ ಚಿಕಿತ್ಸೆಯಲ್ಲೇ ಪಳಗಿದ ವೈದ್ಯರ ಬಳಿ ಕಳಿಸಬೇಕು. "ನಿಮ್ಮದೇ ತಪ್ಪು" ಎಂದು ಕಳಿಸಬಾರದು. ಒಂದು ವರ್ಷದವರೆಗೂ, ಅದಾದ ಮೇಲೂ ನಿಧಾನವಾಗಿ ಸುಧಾರಣೆ ಕಾಣುವವರಿದ್ದಾರೆ ಎಂಬುದೂ ಸತ್ಯ. ಆ ಶಿಕ್ಷಕಿಗೆ ಕಳೆದ ತಿಂಗಳಿಂದ ನಿದ್ದೆ ಬರುತ್ತಿದೆಯಂತೆ.

ಹನ್ನೆರಡೂವರೆಗೆ ಹಾಲ್ ಖಾಲಿಯಾಗತೊಡಗಿತು. ಸೊಸೆಯೊಬ್ಬಳು ಅತ್ತೆಯ ಚಪ್ಪಲಿಯನ್ನು ಕಾಲಿಗೆ ಸರಿಯಾಗಿ ತಾಗಿಸಿಟ್ಟಳು, ಅತ್ತೆ ಬಾಗಲಾರರು. ಆ ಹುಡುಗಿ ಕೂಲಿ ಬಿಟ್ಟು ಬಂದವಳು. ಮನೆಗೆ ಹೋಗಿ ಅಡುಗೆ, ಸಂಜೆಗೆ ಮತ್ತೆ ಅತ್ತೆಯ ವ್ಯಾಯಾಮ, ರಾತ್ರಿ ಮತ್ತೆ ಐಸ್. ಅವಳನ್ನು ಹೇಗಿದ್ದೀಯ ಎಂದು ಹಾಲ್‌ನಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದೆ. "ನನಗೇನಾಗೈತ್ರಿ," ಎಂದಳು, ಸ್ವಲ್ಪ ತಡೆದು, "ನಿದ್ದಿ ಇಲ್ಲ ನೋಡ್ರಿ" ಅಂದಳು.

ಮೊಣಕಾಲು ಬದಲಿಸಿಕೊಳ್ಳುವ ಯೋಚನೆಯಲ್ಲಿರುವವರಿಗೆ ನನ್ನ ಕೋರಿಕೆ ಇಷ್ಟೇ. ಸರ್ಜನ್ ಬಳಿ ದಿನ ಗೊತ್ತು ಮಾಡುವ ಮೊದಲು ಆ ಆಸ್ಪತ್ರೆಯ ಫಿಜಿಯೋಥೆರಪಿ ವಿಭಾಗಕ್ಕೆ ಹೋಗಿ, ಅನುಮತಿ ಕೇಳಿ ಒಂದು ಬೆಳಿಗ್ಗೆ ಕೂತು ಬನ್ನಿ. ಬೆಂಚಿನ ಮೇಲಿರುವವರನ್ನು ಮಾತಾಡಿಸಿ, ಎರಡನೇ ವಾರದವರನ್ನೂ ಆರನೇ ತಿಂಗಳಿನವರನ್ನೂ. ಬಿಡುಗಡೆಯಾದ ಮೇಲೆ ಎಷ್ಟು ವಾರ ಬರಬೇಕು, ಪ್ರತಿ ಸಲದ ಶುಲ್ಕವೆಷ್ಟು, ನಿಮ್ಮ ಊರಿನ ಹತ್ತಿರ ಬೇರೆ ಫಿಜಿಯೋಥೆರಪಿಸ್ಟ್ ಇದ್ದಾರೆಯೇ, ವ್ಯಾಯಾಮದ ಹಾಳೆ ಕನ್ನಡದಲ್ಲಿ ಸಿಗುತ್ತದೆಯೇ, ರಾತ್ರಿ ನೋವು ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ ಬರೆದುಕೊಳ್ಳಿ. ತೊಡೆಯ ವ್ಯಾಯಾಮವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿತು ಶುರು ಮಾಡಿ. ಹೋಗುವಾಗ ಮುಂದೆ ಮನೆಯಲ್ಲಿ ನಿಮ್ಮನ್ನು ನೋಡಿಕೊಳ್ಳುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ.